ಜಿಪ್ಸಿ ಮುಂದಿನ ಆಕ್ಸಲ್: ನಕಲ್ (ಮುಂದಿನ ಚಕ್ರ ತಿರುಗುವ ಕೀಲು) ಸೀಲ್ ಕಿಟ್ ಹಾಕಿದರೂ ಮತ್ತೆ ಸೋರುತ್ತಿದೆ, ಎಲ್ಲಿಂದ ಶುರು ಮಾಡಲಿ?

ತೋಟದ ಜಿಪ್ಸಿ
ಗಾಡಿ ಮಾರುತಿ ಸುಝುಕಿ ಜಿಪ್ಸಿ ಕಿಂಗ್, ಎಂಪಿಎಫ್‌ಐ, 2006ರ ಮಾಡೆಲ್. ಟಯರ್ 215/75 ಆರ್15, ಮುಂದೆ ಕೈಯಲ್ಲಿ ತಿರುಗಿಸುವ ಲಾಕಿಂಗ್ ಹಬ್ (ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಸೇರಿಸುವ, ಬಿಡಿಸುವ ಕೊಂಡಿ).
ಎಡಗಡೆ ಮುಂದಿನ ನಕಲ್‌ನಿಂದ ಎಣ್ಣೆ ಸೋರಿ ಟಯರ್ ಒಳಮೈ ಪೂರ್ತಿ ಕಪ್ಪಾಗಿದೆ. ಮಳೆಗಾಲಕ್ಕೆ ಮುಂಚೆ ಹೊಸ ನಕಲ್ ಸೀಲ್ ಕಿಟ್ ಹಾಕಿಸಿದ್ದು, ಆಗಲೇ ಮೊದಲಿನ ಹಾಗೇ ಆಗಿದೆ. 60 ದಾಟಿದ ಮೇಲೆ ಗುಂಡಿ ಸಿಕ್ಕರೆ ಸ್ಟೀರಿಂಗ್ ಗಡಗಡ ಅಂತ ಅಲ್ಲಾಡುತ್ತೆ, ಬ್ರೇಕ್ ಒತ್ತಿ ವೇಗ ಇಳಿಸಿದರೆ ಮಾತ್ರ ನಿಲ್ಲುತ್ತೆ. ಫೋರ್ ವೀಲ್ ಹಾಕಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ದಿಣ್ಣೆ ಹತ್ತಿಸಿದರೆ ಟಕ್ ಟಕ್ ಸದ್ದು. ಒಂದು ಗ್ಯಾರೇಜಿನವರು ಸ್ಟೀರಿಂಗ್ ಡ್ಯಾಂಪರ್ (ನಡುಕ ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿಸಿ ಅಂತಾರೆ, ಇನ್ನೊಂದರವರು ಆಕ್ಸಲ್ಲೇ ಬದಲಿಸಿ ಅಂತಾರೆ. ತಿಳಿದವರು ಹೇಳಿ.

ಹಾಸನ್ ಹೈದ
ಸೀಲ್ ಕಿಟ್ ಲೋಕಲ್ ಹಾಕಿರ್ತಾರೆ. ಒರಿಜಿನಲ್ ಹಾಕ್ಸಿ, ಸರಿಹೋಗುತ್ತೆ.

ನಕಲ್ ಪಂಡಿತ
ಒರಿಜಿನಲ್ ಹಾಕಿದರೂ ಇದು ನಿಲ್ಲಲ್ಲ. ಎಲ್ಲರೂ ಎಡವುವುದು ಇಲ್ಲೇ. ನಕಲ್ ಹಿಂಭಾಗದಲ್ಲಿ ಗುಂಡಿನ (ಆಕ್ಸಲ್ ತುದಿಯ ಚೆಂಡಿನಾಕಾರದ ಭಾಗ) ಮೇಲೆ ಉಜ್ಜುವ ರಬ್ಬರ್ ಇದೆಯಲ್ಲ, ಅದು ಎಣ್ಣೆ ತಡೆಯೋಕೆ ಇರುವ ಸೀಲ್ ಅಲ್ಲ. ಗ್ರೀಸ್ ಒಳಗೆ, ಕೆಸರು ಹೊರಗೆ ಇರಲಿ ಅಂತ ಕೊಟ್ಟಿರೋ ವೈಪರ್ ಅಷ್ಟೆ. ತೆಳು ಗೇರ್ ಆಯಿಲ್ ಅಲ್ಲಿವರೆಗೆ ಬಂತು ಅಂದ್ರೆ ಯಾವ ಕಂಪನಿಯ ವೈಪರ್ ಹಾಕಿದರೂ ಸೋರುತ್ತೆ.

ಗೇರ್ ಆಯಿಲ್ ಅಲ್ಲಿಗೆ ಬರೋದು ಆಕ್ಸಲ್ ಟ್ಯೂಬಿನ ತುದಿಯಲ್ಲಿ, ಗುಂಡಿನೊಳಗೆ ಕೂತಿರುವ ಸಣ್ಣ ಆಯಿಲ್ ಸೀಲ್ ಸೋತಾಗ. ಡಿಫರೆನ್ಷಿಯಲ್ (ಡಿಫ್, ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಎಣ್ಣೆಯನ್ನು ಅಲ್ಲೇ ತಡೆಯಬೇಕಾದ್ದು ಅದು. ಅದು ಸೋತರೆ ಎಣ್ಣೆ ನಕಲ್ ಒಳಗೆ ನುಗ್ಗಿ ಗ್ರೀಸ್ ಕರಗಿಸುತ್ತೆ, ಬರ್ಫೀಲ್ಡ್ ಜಾಯಿಂಟ್ (ಚಕ್ರ ತಿರುಗಿಸಿದಾಗಲೂ ಶಕ್ತಿ ದಾಟಿಸುವ, ಗೋಲಿಗಳಿರುವ ಶಾಫ್ಟ್ ಕೀಲು) ಗ್ರೀಸ್ ಇಲ್ಲದೆ ಓಡುತ್ತೆ. ನಿಮ್ಮ ಟಕ್ ಟಕ್ ಸದ್ದಿಗೂ ಸೋರಿಕೆಗೂ ಮೂಲ ಒಂದೇ ಇರಬಹುದು.

ಮೊದಲು ಸೋರಿದ್ದನ್ನು ಬೆರಳಲ್ಲಿ ಮುಟ್ಟಿ ನೋಡಿ. ತೆಳ್ಳಗೆ ಬೂದು ಬಣ್ಣ, ಗಂಧಕದ ವಾಸನೆ ಬಂದರೆ ಒಳಗಿನ ಸೀಲ್ ಹೋಗಿದೆ. ಗಟ್ಟಿ ಕಪ್ಪು ಗ್ರೀಸ್ ಉಂಗುರದ ಹಾಗೆ ಮೆತ್ತಿದ್ದರೆ ವೈಪರ್ ಸವೆದಿದೆ. ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ನೀರು ಹೋಗಿದೆ. ಗುಂಡಿನ ಮೇಲೆ ತೆಳು ಪದರ ಗ್ರೀಸ್ ಇರೋದು ಸಹಜ, ಇರಲೂ ಬೇಕು, ಇಲ್ಲದಿದ್ದರೆ ವೈಪರ್ ಒಣಗಿ ಹರಿಯುತ್ತೆ.

ತೋಟದ ಜಿಪ್ಸಿ
ಈಗಷ್ಟೇ ನೋಡಿದೆ. ತೆಳ್ಳಗೆ, ಬೂದು ಬಣ್ಣ, ವಾಸನೆ ಜೋರು. ಹಾಗಾದ್ರೆ ಒಳಗಿನ ಸೀಲ್ ಒಂದು ಬದಲಿಸಿದರೆ ಸಾಕಾ?

ನಕಲ್ ಪಂಡಿತ
ಸಾಲದು. ಅದು ಯಾಕೆ ಸೋತಿತು ಅನ್ನೋದನ್ನ ಹಿಡಿಯದಿದ್ದರೆ ಹೊಸದೂ ಸೋಲುತ್ತೆ. ಮೂರು ಕಡೆ ನೋಡಬೇಕು. ಒಂದು, ಡಿಫ್ ಮೇಲಿನ ಬ್ರೀದರ್ (ಗಾಳಿ ಆಡುವ ತೂತು) ಕೆಸರು ಕಟ್ಟಿದ್ದರೆ ಬಿಸಿಯಾದ ಗಾಳಿಗೆ ದಾರಿ ಇರಲ್ಲ, ಒತ್ತಡ ಸೀಲ್ ಕಡೆಗೇ ಹೋಗುತ್ತೆ. ಎರಡು, ಸ್ಪಿಂಡಲ್ (ಚಕ್ರದ ಬೇರಿಂಗ್ ಕೂರುವ ಟೊಳ್ಳು ಕೊಳವೆ) ಒಳಗಿನ ಕಂಚಿನ ಬುಶ್ ಸವೆದಿದ್ದರೆ ಶಾಫ್ಟ್ ಜೋತು ಬಿದ್ದು ಸೀಲಿನ ತುಟಿಯ ಒಂದೇ ಕಡೆ ಒತ್ತುತ್ತೆ. ಮೂರು, ಕಿಂಗ್‌ಪಿನ್ (ನಕಲ್ ತಿರುಗುವ ಮೇಲಿನ, ಕೆಳಗಿನ ಗೂಟ) ಬೇರಿಂಗ್ ಸಡಿಲವಾಗಿದ್ದರೆ ಇಡೀ ನಕಲ್ ಗುಂಡಿನ ಮೇಲೆ ಅಲ್ಲಾಡುತ್ತೆ, ವೈಪರ್ ಒಂದು ಕಡೆ ಒತ್ತಿ ಇನ್ನೊಂದು ಕಡೆ ಬಾಯಿ ಬಿಡುತ್ತೆ. ನಿಮಗೆ 60ರ ಮೇಲೆ ಗಡಗಡ ಇದೆ ಅಂದ್ರಲ್ಲ, ನನ್ನ ಅನುಮಾನ ಕಿಂಗ್‌ಪಿನ್ ಮೇಲೇ.

ಸ್ಪ್ಯಾನರ್ ಶೆಟ್ರು
ಗಡಗಡಕ್ಕೆ ಡ್ಯಾಂಪರ್ ಹಾಕಿದ್ರೆ ರೋಗ ಅಡಗಿ ಕೂರ್ತದೆ ಮಾರಾಯ್ರೆ, ಗುಣ ಆಗುದಿಲ್ಲ. ಪರೀಕ್ಷೆ ಸುಲಭ. ಜಾಕಿ ಕೊಟ್ಟು ಚಕ್ರ ಎತ್ತಿ, ಸ್ಟ್ಯಾಂಡ್ ಇಡಿ. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಆಟ (ಸಡಿಲ ಅಲ್ಲಾಟ) ಸಿಕ್ಕಿದರೆ ಇನ್ನೊಬ್ಬರಿಗೆ ಬ್ರೇಕ್ ಗಟ್ಟಿ ಒತ್ತಿ ಹಿಡಿಲಿಕ್ಕೆ ಹೇಳಿ ಪುನಃ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗ್ ಸಡಿಲ. ಒತ್ತಿದರೂ ಆಟ ಉಂಟಾದ್ರೆ ಕಿಂಗ್‌ಪಿನ್. 3 ಮತ್ತು 9ರಲ್ಲಿ ಮಾತ್ರ ಆಟ ಇದ್ರೆ ಟೈರಾಡ್ (ಎರಡೂ ನಕಲ್ ಜೋಡಿಸುವ ಸ್ಟೀರಿಂಗ್ ಸರಳು) ಎಂಡ್ ನೋಡಿ.

ಹುಬ್ಳಿ ಹಬ್
ಶೆಟ್ರ ಹೇಳಿದ್ದ ಖರೆ ಐತಿ, ಆದ್ರ ಗಡಗಡಕ್ಕ ಕಿಂಗ್‌ಪಿನ್ ಒಂದ ಕಾರಣ ಅಲ್ರೀ. ಮೊದಲ ಟಯರ್ ಬ್ಯಾಲೆನ್ಸ್ ನೋಡ್ರಿ, ಎರಡೂ ಕಡೆ ಗಾಳಿ ಒಂದ ಸಮ ಐತೇನು ನೋಡ್ರಿ. ಆಮ್ಯಾಲ ಗಾಡಿ ಎತ್ತರ ಮಾಡ್ಸಾಕ ಮುಂದ ಉದ್ದನ ಶಾಕಲ್ (ಪಾಟಾದ ತುದಿ ಚಾಸಿಗೆ ಜೋಡ್ಸೋ ಕೊಂಡಿ) ಹಾಕ್ಸೀರೇನು? ಜಿಪ್ಸಿದಾಗ ಮುಂದಿನ ಪಾಟಾದ (ಪಟ್ಟಿ ಸ್ಪ್ರಿಂಗ್) ಶಾಕಲ್ ಮುಂದಿನ ತುದಿಗೆ ಇರ್ತೈತಿ. ಅದನ್ನ ಉದ್ದ ಮಾಡಿದ್ರ ಆಕ್ಸಲ್ ಮುಂದಕ್ಕ ಹೊರಳಿ ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕ ವಾಲಿರೋ ಕೋನ) ಕಡಿಮಿ ಆಕ್ಕೈತಿ. ಕ್ಯಾಸ್ಟರ್ ಕಡಿಮಿ ಆದ ಗಾಡಿ ಸಣ್ಣ ಗುಂಡಿಗೂ ನಡಗತೈತಿ. ಪಾಟಾ ಮತ್ತ ಆಕ್ಸಲ್ ನಡುವ ಕೋನದ ಶಿಮ್ (ಸಂದಿಗೆ ಇಡೋ ತಗಡು) ಹಾಕಿ ಅದನ್ನ ಸರಿ ಮಾಡಬೇಕು.

ತೋಟದ ಜಿಪ್ಸಿ
ಶಾಕಲ್ ಕಂಪನಿದೇ ಇದೆ ಸರ್. ಬ್ರೇಕ್ ಒತ್ತಿಸಿ ನೋಡಿದೆ, ಎಡಗಡೆ ಆಟ ನಿಲ್ಲಲಿಲ್ಲ. ಬಲಗಡೆ ಗಟ್ಟಿ ಇದೆ.

ಸ್ಪ್ಯಾನರ್ ಶೆಟ್ರು
ಆಯ್ತಲ್ಲ, ಕಿಂಗ್‌ಪಿನ್ನೇ. ಆದ್ರೂ ಎರಡೂ ಕಡೆ ಬಿಚ್ಚಿ. ಒಂದು ಕಡೆ ಬಿಗಿ, ಒಂದು ಕಡೆ ಹಳತು ಇದ್ರೆ ಸ್ಟೀರಿಂಗ್ ಸರಿಯಾಗಿ ವಾಪಸ್ ಬರುದಿಲ್ಲ.

ಬನಶಂಕರಿ ಬೋಲ್ಟು
ಸಾಮಾನು ತರೋ ಮುಂಚೆ ಒಂದು ಮಾತು. ಬೆಂಗಳೂರಿನ ಬಿಡಿಭಾಗದ ಅಂಗಡಿಗಳಿರೋ ಜೆ.ಸಿ. ರೋಡಿಗೆ ಹೋಗಿ ಬರೀ "ಜಿಪ್ಸಿ ಶಾಫ್ಟ್ ಕೊಡಿ" ಅಂದ್ರೆ ತಪ್ಪು ಮಾಲು ಕೈಗೆ ಬರುತ್ತೆ. ಹಳೇ ಎಂಜಿ410 ಅಗಲ ಕಡಿಮೆ, 1993ರಲ್ಲಿ ಬಂದ ಎಂಜಿ410ಡಬ್ಲ್ಯೂ ಅಗಲದ ಆಕ್ಸಲ್. ಕಿಂಗ್ ಅಂದ್ರೆ ಎಂಜಿ413ಡಬ್ಲ್ಯೂ, ಅದೂ ಅಗಲದ್ದೇ. ಒಳ ಶಾಫ್ಟಿನ ಉದ್ದ ಬೇರೆ ಬೇರೆ. ಡಿಫ್ ನಡುವಿನಲ್ಲಿ ಇಲ್ಲದ ಕಾರಣ ಎಡ ಬಲ ಶಾಫ್ಟೂ ಒಂದೇ ಅಲ್ಲ, ಅದಲುಬದಲು ಮಾಡೋಕಾಗಲ್ಲ. ಹಳೇದನ್ನ ಕೈಯಲ್ಲಿ ಹಿಡ್ಕೊಂಡೇ ಹೋಗಿ, ಪಕ್ಕದಲ್ಲಿಟ್ಟು ಅಳೆದು ತಗೊಳ್ಳಿ, ಶಾಫ್ಟ್ ತುದಿಯ ಹಲ್ಲುಗಳನ್ನೂ ಎಣಿಸಿ.

ಪಟ್ಟಿ ಬರ್ಕೊಳ್ಳಿ: ಕಿಂಗ್‌ಪಿನ್ ಬೇರಿಂಗ್ 4 (ಒಂದು ಕಡೆಗೆ ಮೇಲೊಂದು ಕೆಳಗೊಂದು), ಒಳಗಿನ ಆಕ್ಸಲ್ ಆಯಿಲ್ ಸೀಲ್ 2, ನಕಲ್ ಸೀಲ್ ಕಿಟ್ 2, ಸ್ಪಿಂಡಲ್ ಬುಶ್ 2, ಸ್ಪಿಂಡಲ್ ಸೀಲ್ 2, ಹಬ್ ಸೀಲ್ 2, ಹಬ್ ನಟ್ ಮಧ್ಯದ ಲಾಕ್ ವಾಷರ್ 2, ಕಿಂಗ್‌ಪಿನ್ ಶಿಮ್ ಒಂದು ಸೆಟ್. ಮಾಲಿಬ್ಡಿನಮ್ ಇರೋ ಲಿಥಿಯಂ ಗ್ರೀಸ್ ಒಂದು ಕೆಜಿ ಡಬ್ಬ ತಂದರೆ ಎರಡೂ ನಕಲ್‌ಗೆ ಸಾಕು. 90 ನಂಬರ್ ಗೇರ್ ಆಯಿಲ್ 2 ಲೀಟರ್. ವೀಲ್ ಬೇರಿಂಗ್ ಹೊಳಪು ಚೆನ್ನಾಗಿದ್ದರೆ ಅದೇ ಹಾಕಿ, ನೀಲಿ ಬಣ್ಣಕ್ಕೆ ತಿರುಗಿದ್ದರೆ ಎಸೀರಿ.

ಹಾಸನ್ ಹೈದ
ಗ್ರೀಸ್ ಬದ್ಲು ನಕಲ್ ಒಳಗೆ 140 ನಂಬರ್ ಆಯಿಲ್ ತುಂಬಿಸೋರು ಇದ್ದಾರೆ. ಜಾಯಿಂಟ್ ಯಾವಾಗ್ಲೂ ಎಣ್ಣೆಯಲ್ಲೇ ಇರುತ್ತೆ, ಒಳ್ಳೇದಲ್ವಾ?

ನಕಲ್ ಪಂಡಿತ
ಬೇಡ. ಹಳೇ ಲ್ಯಾಂಡ್ ರೋವರ್ ಸೀರೀಸ್ ಗಾಡಿಗಳಲ್ಲಿ ಗುಂಡಿನೊಳಗೆ ಎಣ್ಣೆ ತುಂಬೋದು ಕ್ರಮ, ಅವುಗಳ ಸೀಲೂ ಅದಕ್ಕೆ ತಕ್ಕ ಹಾಗೇ ಇತ್ತು. ಸುಝುಕಿಯದು ಗ್ರೀಸಿಗೆ ಮಾಡಿದ್ದು. ಎಣ್ಣೆ ಹಾಕಿದರೆ ವೈಪರ್‌ನಿಂದ ಇಳಿದು ಡಿಸ್ಕ್ ಮೇಲೆ ಬೀಳುತ್ತೆ. ಎಣ್ಣೆ ಬಿದ್ದ ಬ್ರೇಕ್ ಒಂದು ಕಡೆ ಹಿಡಿಯಲ್ಲ, ಇಳಿಜಾರಿನಲ್ಲಿ ಗಾಡಿ ಪಕ್ಕಕ್ಕೆ ಎಳೆಯುತ್ತೆ. ಇದು ಜೀವದ ಪ್ರಶ್ನೆ, ದಯವಿಟ್ಟು ಯಾರೂ ಮಾಡಬೇಡಿ.

ಕಾಫಿ ಕಣಿವೆ
ಬಿಚ್ಚೋ ಕ್ರಮ ಯಾರಾದ್ರೂ ವಿವರವಾಗಿ ಬರೀರಿ. ಮೂಡಿಗೆರೆ, ಸಕಲೇಶಪುರದ ಕಡೆ ಎಷ್ಟೋ ತೋಟಗಳಲ್ಲಿ ಇನ್ನೂ ಇದೇ ಗಾಡಿ ಓಡ್ತಾ ಇದೆ, ಎಲ್ಲರಿಗೂ ಬೇಕಾಗುತ್ತೆ.

ನಕಲ್ ಪಂಡಿತ
ಬರೀತೀನಿ, ಉದ್ದ ಆಗುತ್ತೆ.

ಮೊದಲು ಡಿಫ್ ಆಯಿಲ್ ಪೂರ್ತಿ ಇಳಿಸಿ. ಇಳಿಸದೆ ಶಾಫ್ಟ್ ಎಳೆದರೆ ಎಣ್ಣೆ ಪೂರ್ತಿ ನಿಮ್ಮ ಮೇಲೇ. ಚಕ್ರ, ಕ್ಯಾಲಿಪರ್ ತೆಗೆಯಿರಿ. ಕ್ಯಾಲಿಪರನ್ನು ತಂತಿಯಲ್ಲಿ ಪಾಟಾಕ್ಕೆ ಕಟ್ಟಿ, ಹೋಸ್ ಮೇಲೆ ಜೋತಾಡಿಸಬೇಡಿ. ಲಾಕಿಂಗ್ ಹಬ್ ಬಿಚ್ಚಿ, ಶಾಫ್ಟ್ ತುದಿಯ ಸರ್ಕ್ಲಿಪ್ (ಶಾಫ್ಟ್ ಸರಿಯದಂತೆ ಹಿಡಿಯುವ ಉಂಗುರ) ತೆಗೆಯಿರಿ. ಆಮೇಲೆ ಹಬ್ ನಟ್. ಅದಕ್ಕೆ ಸರಿಯಾದ ಬಾಕ್ಸ್ ಸ್ಪ್ಯಾನರ್ ಬೇಕು. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವ ಚಾಳಿ ನಮ್ಮ ಗ್ಯಾರೇಜುಗಳಲ್ಲಿ ಬಹಳ ಇದೆ. ಹಾಗೆ ಹೊಡೆದರೆ ಸ್ಪಿಂಡಲ್ ಥ್ರೆಡ್ ಹಾಳಾಗುತ್ತೆ, ನಟ್ ಎಷ್ಟು ಬಿಗಿ ಅಂತಾನೂ ಗೊತ್ತಾಗಲ್ಲ.

ಹಬ್ ಬಂದ ಮೇಲೆ ಸ್ಪಿಂಡಲ್ ಬೋಲ್ಟ್ ಬಿಚ್ಚಿ, ತುಕ್ಕು ಹಿಡಿದು ಕೂತಿದ್ದರೆ ಮರದ ತುಂಡು ಇಟ್ಟು ಸುತ್ತಲೂ ಮೆಲ್ಲಗೆ ತಟ್ಟಿ. ಶಾಫ್ಟನ್ನು ಬರ್ಫೀಲ್ಡ್ ಸಮೇತ ನೇರಕ್ಕೆ ಎಳೆಯಿರಿ. ಟೈರಾಡ್ ಬಿಡಿಸಿ. ನಕಲ್ ಹಿಂದಿನ 8 ಸಣ್ಣ ಬೋಲ್ಟ್ ಬಿಚ್ಚಿದರೆ ತಗಡಿನ ಪಟ್ಟಿ, ರಬ್ಬರ್, ಫೆಲ್ಟ್ ಬರುತ್ತೆ. ಯಾವುದರ ಮೇಲೆ ಯಾವುದಿತ್ತು ಅಂತ ಫೋಟೊ ತೆಗೆದಿಡಿ. ಆಮೇಲೆ ಮೇಲಿನ, ಕೆಳಗಿನ ಕಿಂಗ್‌ಪಿನ್, ತಲಾ 4 ಬೋಲ್ಟ್. ಮೇಲಿನದು ಮೇಲಕ್ಕೇ, ಕೆಳಗಿನದು ಕೆಳಕ್ಕೇ ಹೋಗಬೇಕು. ಯಾವುದರಡಿ ಎಷ್ಟು ಶಿಮ್ ಇತ್ತು ಅಂತ ದಾರ ಕಟ್ಟಿ ಗುರುತು ಇಡಿ.

ಈಗ ನಿಜವಾದ ಕೆಲಸ. ಗುಂಡಿನ ಒಳಗಿರುವ ಹಳೇ ಬೇರಿಂಗ್ ಕಪ್ (ಬೇರಿಂಗಿನ ಹೊರ ಉಂಗುರ) ತೆಗೆದು ನೋಡಿ. ರೋಲರುಗಳು ಒಂದೇ ಜಾಗದಲ್ಲಿ ಬಡಿದು ಗೀರು ಗೀರಾಗಿ ತಗ್ಗು ಬಿದ್ದಿರುತ್ತೆ, ಯಾಕಂದ್ರೆ ಈ ಬೇರಿಂಗ್ ಪೂರ್ತಿ ಸುತ್ತುವುದೇ ಇಲ್ಲ, ಸ್ಟೀರಿಂಗ್ ತಿರುಗುವಷ್ಟೇ ಆ ಕಡೆ ಈ ಕಡೆ ಆಡುತ್ತೆ. ಹೊಸ ಕಪ್ ಹೊಡೆಯುವಾಗ ಹಳೇ ಕಪ್ಪನ್ನೇ ಮಧ್ಯೆ ಇಟ್ಟು ನೇರಕ್ಕೆ ಕೂರಿಸಿ. ಸದ್ದು ಬದಲಾಗಿ ಗಟ್ಟಿ ಕೇಳಿದರೆ ತಳ ಮುಟ್ಟಿತು ಅಂತ.

ಬಿಗಿ ನೋಡುವುದು ವೈಪರ್ ಸೀಲ್ ಹಾಕುವ ಮುಂಚೆ, ಶಾಫ್ಟೂ ಇಲ್ಲದೆ. ಕಿಂಗ್‌ಪಿನ್ ಬೋಲ್ಟ್ 2ರಿಂದ 3 ಕೆಜಿ-ಮೀಟರ್ (ಟಾರ್ಕ್ ರೆಂಚಿನ ಅಳತೆ) ಬಿಗಿ ಮಾಡಿ, ಟೈರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ನಕಲ್ ಅಲ್ಲಾಡಲು ಶುರು ಮಾಡುವಾಗ 1ರಿಂದ 1.8 ಕೆಜಿ ತೋರಿಸಬೇಕು. ಕಡಿಮೆ ಇದ್ದರೆ ಶಿಮ್ ತೆಗೆಯಿರಿ, ಹೆಚ್ಚಿದ್ದರೆ ಸೇರಿಸಿ. ಸಡಿಲ ಇದ್ದರೆ ಶಿಮ್ ಇನ್ನಷ್ಟು ಹಾಕಬೇಕು ಅಂದ್ಕೊಳ್ಳೋರು ತುಂಬಾ ಜನ, ಅದು ಉಲ್ಟಾ.

ಹುಬ್ಳಿ ಹಬ್
ತಕ್ಕಡಿ ಯಾವ ಗ್ಯಾರೇಜಿನಾಗ ಐತ್ರೀ? ಕೈಲೆ ಎಳದ ನೋಡಿ ಗೊತ್ತ ಹಿಡೀತಾರ.

ನಕಲ್ ಪಂಡಿತ
ಸಾಮಾನು ತೂಗುವ ಕೊಕ್ಕೆ ತಕ್ಕಡಿ ಸಾಕು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ಹೊಸ ಬೇರಿಂಗಿಗೆ ಗ್ರೀಸ್ ಮೆತ್ತಿದ ಮೇಲೆ ಕೈಗೆ ಎಲ್ಲವೂ ಬಿಗಿ ಅನ್ನಿಸುತ್ತೆ, ಅಂದಾಜು ತಪ್ಪುತ್ತೆ.

ಶಾರ್ಜಾ ಕನ್ನಡಿಗ
ಲ್ಯಾಂಡ್ ಕ್ರೂಸರ್ 40, 60, 80, ಹಳೇ ಹೈಲಕ್ಸ್ ಎಲ್ಲದರಲ್ಲೂ ಇದೇ ಜಾತಿಯ ಗುಂಡು-ನಕಲ್, ಇದೇ ರೋಗ. ಇಲ್ಲಿ ಒಳ್ಳೆ ಮೆಕ್ಯಾನಿಕ್‌ಗಳು ಒಂದು ವಿಷಯ ಮರೆಯಲ್ಲ: ಶಾಫ್ಟಿನಲ್ಲಿ ಸೀಲ್ ಕೂರುವ ಜಾಗಕ್ಕೆ ಉಗುರು ಎಳೆದು ನೋಡ್ತಾರೆ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲ್ ಹಾಕಿಯೂ ಉಪಯೋಗ ಇಲ್ಲ. ತೆಳು ಸ್ಟೀಲ್ ಸ್ಲೀವ್ (ಕೊಳವೆ) ಅದರ ಮೇಲೆ ಏರಿಸಬೇಕು, ಇಲ್ಲಾಂದ್ರೆ ಸೀಲನ್ನು ಒಂದೆರಡು ಮಿಲಿಮೀಟರ್ ಹೊರಗೆ ಕೂರಿಸಿ ತುಟಿ ಹೊಸ ಜಾಗಕ್ಕೆ ಬರುವ ಹಾಗೆ ಮಾಡಬೇಕು.

ಶಾಫ್ಟ್ ವಾಪಸ್ ಹಾಕುವಾಗ ಕೈಯಲ್ಲಿ ಎತ್ತಿ ಹಿಡಿದೇ ಒಳಗೆ ತಳ್ಳಿ. ಹಲ್ಲಿನ ತುದಿ ಸೀಲ್ ಮೇಲೆ ಒರಗಿದರೆ ತುಟಿ ಅಲ್ಲೇ ಕತ್ತರಿಸಿ ಹೋಗುತ್ತೆ. ಹೊಸ ಸೀಲ್ ಹಾಕಿದ ಮರುದಿನವೇ ಸೋರುವ ಗಾಡಿಗಳಲ್ಲಿ ಬಹುಪಾಲು ಹೀಗೇ ಆಗಿರುತ್ತೆ.

ಸ್ಪ್ಯಾನರ್ ಶೆಟ್ರು
ಇದು ಸರಿ. ಸೀಲಿನ ತುಟಿಗೆ ಸ್ವಲ್ಪ ಗ್ರೀಸ್ ಹಚ್ಚಿಯೇ ಹಾಕಿ, ಒಣ ತುಟಿ ಮೊದಲ ಸುತ್ತಿಗೇ ಸುಡ್ತದೆ.

ತೋಟದ ಜಿಪ್ಸಿ
ಗುಂಡಿನ ಮೇಲೆ ತುಕ್ಕಿನ ಚುಕ್ಕೆಗಳಿವೆ, ಒಂದೆರಡು ಆಳವಾಗೇ ಇದೆ. ಅದಕ್ಕೇನು ಮಾಡಲಿ? ಬರ್ಫೀಲ್ಡ್ ಬದಲಿಸಲೇಬೇಕಾ?

ಬನಶಂಕರಿ ಬೋಲ್ಟು
ತುಕ್ಕನ್ನ 400 ನಂಬರ್ ಎಮೆರಿ ಪೇಪರಲ್ಲಿ ಎಣ್ಣೆ ಹಾಕಿ ಉಜ್ಜಿ. ಆಳದ ಗುಳಿಗೆ ಲೋಹದ ಎಪಾಕ್ಸಿ ತುಂಬಿ, ಒಣಗಿದ ಮೇಲೆ ಉಜ್ಜಿ ಸಮ ಮಾಡಿ. ಪೇಂಟ್ ಹೊಡೀಬೇಡಿ, ಸಿಪ್ಪೆ ಎದ್ದು ರಬ್ಬರನ್ನೇ ತಿನ್ನುತ್ತೆ. ಗಾಡಿ ನಿಲ್ಲಿಸೋವಾಗ ಸ್ಟೀರಿಂಗ್ ನೇರ ಇಡಿ. ಪೂರ್ತಿ ತಿರುಗಿಸಿ ನಿಲ್ಲಿಸಿದರೆ ಗುಂಡಿನ ಒಂದು ಪಕ್ಕ ಮಳೆಗೆ ತೆರೆದುಕೊಂಡು ಅಲ್ಲೇ ತುಕ್ಕು ಹಿಡಿಯುತ್ತೆ.

ನಕಲ್ ಪಂಡಿತ
ಬರ್ಫೀಲ್ಡ್ ಬದಲಿಸಬೇಕಾ ಅನ್ನೋದು ತೊಳೆದ ಮೇಲೆ ಗೊತ್ತಾಗುತ್ತೆ. ಡೀಸೆಲ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಜಾಯಿಂಟನ್ನು ಎಲ್ಲಾ ಕಡೆ ಬಾಗಿಸಿ ಆರೂ ಗೋಲಿ ಒಂದೊಂದಾಗಿ ನೋಡಿ. ಗೋಲಿ ಓಡುವ ಕಾಲುವೆಯಲ್ಲಿ ಹೊಳಪು ಗೆರೆ ಇದ್ದರೆ ಪರವಾಗಿಲ್ಲ. ಉಗುರಿಗೆ ಸಿಕ್ಕುವ ತಗ್ಗು ಇದ್ದರೆ, ಕೇಜ್ (ಗೋಲಿಗಳನ್ನು ಹಿಡಿಯುವ ಉಂಗುರ) ಕಿಟಕಿಯ ಮೂಲೆಯಲ್ಲಿ ಕೂದಲೆಳೆ ಬಿರುಕು ಇದ್ದರೆ, ಗಂಟೆಯಂಥ ಹೊರಭಾಗದ ಅಂಚಿನಲ್ಲಿ ಬಿರುಕು ಇದ್ದರೆ ಎಸೆಯಿರಿ.

ಗ್ರೀಸ್ ತುಂಬುವುದಕ್ಕೂ ಕ್ರಮ ಇದೆ. ಮೊದಲು ಜಾಯಿಂಟ್ ಒಳಗೆ, ಅದನ್ನು ಆಡಿಸುತ್ತಾ, ಗೋಲಿಗಳ ಹಿಂದಿನಿಂದ ಗ್ರೀಸ್ ಹೊರಬರುವವರೆಗೆ ಒತ್ತಿ. ಆಮೇಲೆ ನಕಲ್ ಖಾಲಿ ಜಾಗದ ಮುಕ್ಕಾಲು ಭಾಗ, ಅದಕ್ಕಿಂತ ಹೆಚ್ಚು ಬೇಡ. ಗಿಚ್ಚಿ ತುಂಬಿದರೆ ಬಿಸಿಗೆ ಹಿಗ್ಗಿ ವೈಪರ್‌ನಿಂದಲೇ ಬರುತ್ತೆ. ಕಂಚಿನ ಬುಶ್ಶಿಗೂ ಮೆತ್ತಿ, ಅದು ಒಣಗಿದರೂ ಕಿರ್ ಅನ್ನುತ್ತೆ. ಹಳೇ ಗ್ರೀಸಿನ ಮೇಲೆ ಬೇರೆ ಜಾತಿಯ ಗ್ರೀಸ್ ಹಾಕಬೇಡಿ. ಕೆಲವು ಜೊತೆಗೂಡದೆ ನೀರಾಗುತ್ತವೆ.

ಕಾಫಿ ಕಣಿವೆ
ಕ್ರೋಮೊಲಿ (ಹೆಚ್ಚು ಗಟ್ಟಿಯಾದ ಮಿಶ್ರ ಉಕ್ಕು) ಶಾಫ್ಟ್ ಹಾಕಿಬಿಟ್ಟರೆ ಈ ತಲೆನೋವೇ ಇರಲ್ಲ ಅಲ್ವಾ?

ಶಾರ್ಜಾ ಕನ್ನಡಿಗ
ಸೋರಿಕೆಗೂ ಕ್ರೋಮೊಲಿಗೂ ಸಂಬಂಧವೇ ಇಲ್ಲ. ಅದು ಮುರಿಯುವುದಕ್ಕೆ ಮದ್ದು. 31 ಇಂಚಿನ ಟಯರ್, ಮುಂದೆ ಡಿಫ್ ಲಾಕರ್ (ಎರಡೂ ಚಕ್ರ ಒಟ್ಟಿಗೆ ತಿರುಗಿಸುವ ಸಾಧನ) ಇದ್ದರೆ ಮಾತ್ರ ಯೋಚಿಸಿ. ತೋಟದ ಕೆಲಸಕ್ಕೆ ಕಂಪನಿಯ ಬರ್ಫೀಲ್ಡ್ ಗ್ರೀಸ್ ಸರಿಯಿದ್ದರೆ ಧಾರಾಳ ಸಾಕು.

ಅದು ಮುರಿಯುವುದು ಹೆಚ್ಚಾಗಿ ಸ್ಟೀರಿಂಗ್ ಕೊನೆವರೆಗೂ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ, ಅದರಲ್ಲೂ ರಿವರ್ಸ್‌ನಲ್ಲಿ. ಕೋನ ಹೆಚ್ಚಾದಷ್ಟೂ ಭಾರ ಆರು ಗೋಲಿಯ ಮೇಲೂ ಸಮನಾಗಿ ಬೀಳಲ್ಲ, ಕೆಲವೇ ಗೋಲಿಗಳು ಕೇಜಿನ ಕಿಟಕಿಯನ್ನು ಒದೆಯುತ್ತವೆ. ನಕಲ್ ಮೇಲೆ ಸ್ಟಾಪರ್ ಬೋಲ್ಟ್ ಇದೆ. ಅದನ್ನು ಸ್ವಲ್ಪ ಹೊರಗೆ ತಿರುಗಿಸಿ ಲಾಕ್ ಮಾಡಿದರೆ ಕೋನ ಕಡಿಮೆಯಾಗುತ್ತೆ. ಗಾಡಿ ತಿರುಗಿಸಲು ಒಂದಿಷ್ಟು ಹೆಚ್ಚು ಜಾಗ ಬೇಕಾಗುತ್ತೆ, ಆದರೆ ಶಾಫ್ಟ್ ಉಳಿಯುತ್ತೆ.

ಹಾಸನ್ ಹೈದ
ಕಾಡೊಳಗೆ ಮುರಿದ್ರೆ ಹಬ್ ಫ್ರೀ ಮಾಡ್ಕೊಂಡು ಹಿಂದಿನ ಚಕ್ರದಲ್ಲೇ ಬರಬಹುದಲ್ಲ?

ಶಾರ್ಜಾ ಕನ್ನಡಿಗ
ಹಾಗೇ ಓಡಿಸಬೇಡಿ. ಮುರಿದ ಗೋಲಿ ಅಥವಾ ಕೇಜ್ ಚೂರು ನಕಲ್ ಒಳಗೆ ಅಡ್ಡ ಸಿಕ್ಕಿ ಸ್ಟೀರಿಂಗ್ ತಿರುಗದ ಹಾಗೆ ಹಿಡಿದುಬಿಡಬಹುದು, ಘಟ್ಟದ ತಿರುವಿನಲ್ಲಿ ಅದು ಆದರೆ ಏನಾಗುತ್ತೆ ಯೋಚಿಸಿ. ಶಾಫ್ಟ್ ಹೊರಗೆ ತೆಗೆದು, ಚೂರು ಆರಿಸಿ, ಸೀಲಿನ ಬಾಯಿಗೆ ಬಟ್ಟೆ ಗಟ್ಟಿ ತುರುಕಿ, ಸ್ಪಿಂಡಲ್ ಹಬ್ ವಾಪಸ್ ಹಾಕಿ ನಿಧಾನ ಬನ್ನಿ. ಚಕ್ರ ಕೂತಿರುವುದು ಸ್ಪಿಂಡಲ್ ಮೇಲಿನ ಬೇರಿಂಗಿನಲ್ಲಿ, ಶಾಫ್ಟ್ ಇಲ್ಲದಿದ್ದರೂ ಚಕ್ರ ಬೀಳಲ್ಲ. ಮನೆ ಸೇರಿದ ಮೇಲೆ ಆ ಬಟ್ಟೆ ತೆಗೆಯುವುದನ್ನು ಮರೆಯಬೇಡಿ, ಡಿಫ್ ಎಣ್ಣೆಯನ್ನೂ ಬದಲಿಸಿ.

ಬನಶಂಕರಿ ಬೋಲ್ಟು
31 ಇಂಚಿನ ಟಯರ್ ಮಾತು ಬಂತಲ್ಲ, ಅದನ್ನ ರಸ್ತೆಗೆ ತರೋ ಮುಂಚೆ ಕಾನೂನು ನೋಡ್ಕೊಳ್ಳಿ. ತಯಾರಕರ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ.

ಹುಬ್ಳಿ ಹಬ್
ಅದೆಲ್ಲ ಬಿಡ್ರಿ, ಹೊಸ ಜಿಮ್ನಿದಾಗ ಈ ತ್ರಾಸ ಇಲ್ಲೇನು? ಜಿಪ್ಸಿ ಹೋದ ಮ್ಯಾಲ ಅದನ್ನ ತಗೋಳ್ಳೋರು ಭಾಳ ಆಗ್ಯಾರ.

ನಕಲ್ ಪಂಡಿತ
2023ರಲ್ಲಿ ಇಲ್ಲಿ ಬಿಡುಗಡೆಯಾದ ಐದು ಬಾಗಿಲಿನ ಜಿಮ್ನಿಯಲ್ಲೂ ಮುಂದೆ ಇಡೀ ಆಕ್ಸಲ್, ಗುಂಡು-ನಕಲ್, ಕಿಂಗ್‌ಪಿನ್ನೇ ಇರೋದು. ಪಾಟಾ ಬದಲು ಕಾಯಿಲ್ ಸ್ಪ್ರಿಂಗ್ ಬಂದಿದೆ. ಹಳತಾದಂತೆ ಅದಕ್ಕೂ ಇದೇ ಪರೀಕ್ಷೆ, ಇದೇ ಮದ್ದು.

ಕಾಫಿ ಕಣಿವೆ
ಬ್ರೀದರ್ ಬಗ್ಗೆ ಯಾರೂ ಮುಂದೆ ಹೇಳಲಿಲ್ಲ. ಹಳ್ಳ ದಾಟಿದ ಮೇಲೆ ಡಿಫ್ ಎಣ್ಣೆ ಹಾಲಿನಂತೆ ಆಗೋದು ಅದರಿಂದಲೇ ತಾನೆ?

ಸ್ಪ್ಯಾನರ್ ಶೆಟ್ರು
ಹೌದು. ಬಿಸಿ ಆಕ್ಸಲ್ ತಣ್ಣಗಿನ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಎಳ್ಕೊಳ್ತದೆ. ಬ್ರೀದರ್ ನೀರಲ್ಲಿ ಮುಳುಗಿದ್ರೆ ನೀರೇ ಒಳಗೆ. ಕಟ್ಟಿಹೋಗಿದ್ರೆ ಸೀಲಿನ ಸಂದಿಯಿಂದ ಎಳೀತದೆ. ಬ್ರೀದರ್ ತೆಗೆದು ಅಲ್ಲಿಗೆ ನಿಪ್ಪಲ್ ಹಾಕಿ, ಎಣ್ಣೆಗೆ ಕರಗದ ಹೋಸ್ ಜೋಡಿಸಿ ಎಂಜಿನ್ ರೂಮಿನ ಮೇಲ್ಭಾಗದವರೆಗೆ ಕೊಂಡು ಹೋಗಿ, ತುದಿಗೆ ಸಣ್ಣ ಫಿಲ್ಟರ್ ಇಡಿ. ಆಕ್ಸಲ್ ಕೆಳಗೆ ಮೇಲೆ ಆಡುವಷ್ಟು ಹೋಸ್ ಸಡಿಲ ಬಿಡಿ, ಸೈಲೆನ್ಸರ್ ಪೈಪಿಗೆ ತಾಗಬಾರದು. ಹಿಂದಿನ ಆಕ್ಸಲಿಗೂ ಹೀಗೇ ಮಾಡಿ. ಡಿಫ್‌ಗೆ ಎಣ್ಣೆ ಹಾಕುವಾಗ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಫಿಲ್ಲರ್ ತೂತಿನ ಕೆಳ ಅಂಚಿಗೆ ಬಂದರೆ ಮುಗೀತು. ಒಂದಿಷ್ಟು ಜಾಸ್ತಿ ಇರಲಿ ಅಂತ ಗಾಡಿ ಓರೆ ಮಾಡಿ ತುಂಬಿದ್ರೆ ಅದೂ ಸೀಲ್ ಹತ್ರವೇ ಬಂದು ನಿಲ್ತದೆ.

ತೋಟದ ಜಿಪ್ಸಿ
ಸಾಮಾನಿನ ಪಟ್ಟಿ ಬರೆದುಕೊಂಡೆ, ಎರಡೂ ಕಡೆ ಬಿಚ್ಚಿಸ್ತೀನಿ. ಕೊನೇ ಪ್ರಶ್ನೆ: ವೀಲ್ ಬೇರಿಂಗ್ ನಟ್ ಎಷ್ಟು ಬಿಗಿ? ಲಾಕಿಂಗ್ ಹಬ್ ಒಳಗೂ ಅದೇ ಮಾಲಿಬ್ಡಿನಮ್ ಗ್ರೀಸ್ ತುಂಬಲಾ?

ನಕಲ್ ಪಂಡಿತ
ಒಳ ನಟ್ಟನ್ನು ಹಬ್ ತಿರುಗಿಸುತ್ತಲೇ ಗಟ್ಟಿ ಮಾಡಿ, ಬೇರಿಂಗ್ ಕೂತುಕೊಳ್ಳಲಿ. ಆಮೇಲೆ ಪೂರ್ತಿ ಸಡಿಲಿಸಿ, ಮತ್ತೆ ಹಗುರವಾಗಿ, 1ರಿಂದ 1.5 ಕೆಜಿ-ಮೀಟರ್ ಬಿಗಿ ಮಾಡಿ. ಹೊಸ ಲಾಕ್ ವಾಷರ್, ಹೊರ ನಟ್ ಗಟ್ಟಿ, ವಾಷರಿನ ಕಿವಿ ಮಡಚಿ. ಹೊರ ನಟ್ ಬಿಗಿ ಮಾಡಿದಾಗ ಒಳಗಿನದು ಒಂದು ಚೂರು ಬಿಗಿಯಾಗಬಹುದು, ಅದಕ್ಕೆ ಹಬ್ ಇನ್ನೊಮ್ಮೆ ತಿರುಗಿಸಿ ನೋಡಿ. 200 ಕಿಲೋಮೀಟರ್ ಓಡಿಸಿದ ಮೇಲೆ ಚಕ್ರ ಎತ್ತಿ ಮತ್ತೆ ಪರೀಕ್ಷಿಸಿ, ಕಿಂಗ್‌ಪಿನ್ ಬೋಲ್ಟನ್ನೂ ಟಾರ್ಕ್ ನೋಡಿ.

ಲಾಕಿಂಗ್ ಹಬ್ ಒಳಗೆ ತುಂಬಬೇಡಿ. ಗಟ್ಟಿ ಗ್ರೀಸ್ ಗಿಚ್ಚಿದರೆ ಹಬ್ ಒಳಗಿನ ಕ್ಲಚ್ (ಶಾಫ್ಟಿಗೆ ಹಿಡಿಯುವ ಹಲ್ಲಿನ ಉಂಗುರ) ಜಾರದೆ ಅರ್ಧಕ್ಕೇ ನಿಲ್ಲುತ್ತೆ. ಅರ್ಧ ಸಿಕ್ಕಿಕೊಂಡ ಹಲ್ಲು ಮೊದಲ ಏರಿನಲ್ಲೇ ಹಾರಿಹೋಗುತ್ತೆ. ಹಲ್ಲುಗಳಿಗೆ ತೆಳ್ಳಗೆ ಸವರಿದರೆ ಸಾಕು.